ಅಶ್ವಗಂಧ ಮತ್ತು ಅಕ್ಕಿಹಿಟ್ಟು

ಕಳೆದ ವಾರ ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟ ಅಶ್ವಗಂಧದ ಕ್ಯಾಪ್ಸೂಲು ಡಬ್ಬಿಯ ಮುಚ್ಚಳ ತೆಗೆದೆ. ಒಣಬೇರಿನ, ಕುದುರೆ ಲಾಯದ ವಾಸನೆ. ಡಬ್ಬಿಯ ಮೇಲೆ ಚಂದ್ರನ ಕೆಳಗೆ ಮಲಗಿದ ಒಬ್ಬ ಸುಖಪುರುಷ. ‘ಇದರಿಂದ ನಿಜವಾಗಿ ನಿದ್ದೆ ಬರುತ್ತೇನೇ?’ ಎಂದೆ. ‘ಸುಮ್ಮಾ ಪೋಟ್ಟುಕ್ಕೋಂಗಪ್ಪಾ’ ಎಂದಳು, ಸುಮ್ಮನೆ ನುಂಗಿ ಅಂತ. ನನ್ನ ಚಿಂತೆಗಳಿಗೆ ಅವಳು ತಮಿಳಿನಲ್ಲೇ ಉತ್ತರ ಕೊಡುವುದು. ನುಂಗಲಿಲ್ಲ. ಆ ವಾಸನೆಗೆ ಮೇಲಿನ ಮನೆ ಮೇಷ್ಟ್ರು ನೆನಪಾಗಿದ್ದರು…

ಕೀಲ್ಪಾಕಿನ ನಮ್ಮ ಫ್ಲ್ಯಾಟಿನ ಮೇಲ್ಮಹಡಿಯಲ್ಲಿ ಅವರಿದ್ದರು. ಧಾರವಾಡದ ಕಡೆಯವರು. ಡಾಕ್ಟರಾಗುವವರಿಗೆ ಔಷಧಗಳ ಪಾಠ ಹೇಳಿ ನಿವೃತ್ತರಾದವರು. ಅವರ ಹೆಂಡತಿಗೆ ಮರೆವು ಹತ್ತಿತ್ತು. ರಾತ್ರಿಯೆಲ್ಲ ಎದ್ದು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೊರಡುತ್ತಿದ್ದರು. ನಿದ್ದೆ ಮಾತ್ರೆ ಕೊಟ್ಟರೆ ತೂರಾಡುತ್ತಿದ್ದರು, ಒಮ್ಮೆ ಬಿದ್ದು ಮಣಿಕಟ್ಟು ಮುರಿಯಿತು. ಆಮೇಲೆ ಅಶ್ವಗಂಧದ ಮಾತು ಬಂತು. ‘ಕೊಟ್ಟು ನೋಡಿ, ಆದರೆ ನಂಬಿಕೊಂಡು ಕೂರಬೇಡಿ’ ಎಂದರಂತೆ ಡಾಕ್ಟರು.

ಮೇಷ್ಟ್ರು ಪರೀಕ್ಷಿಸದೆ ಕೊಡುವವರಲ್ಲ. ಆದರೆ ನಿದ್ದೆ ಬಂತೋ ಇಲ್ಲವೋ ಹೇಳಲು ಆಕೆಗಾಗದು. ಹೇಳಬಲ್ಲವನೊಬ್ಬ ಬೇಕಿತ್ತು. ಲಿಫ್ಟು ನಿಂತರೆ, ನೀರಿನ ಟ್ಯಾಂಕು ಬಿರಿದರೆ ಎಂದು ರಾತ್ರಿಯೆಲ್ಲ ಹೊರಳಾಡುವ ನಾನು ಅವರ ಕೆಳಗಿನ ಮನೆಯಲ್ಲೇ ಇದ್ದೆ.

‘ನಿಮಗ ನಿದ್ದಿ ಬರಂಗಿಲ್ಲಂತ ಇಡೀ ಬಿಲ್ಡಿಂಗಿಗೆ ಗೊತ್ತೈತ್ರಿ. ಒಂದು ಉಪಕಾರ ಮಾಡ್ರಿ’ ಎಂದರು.

ಸೌಕಾರ್‌ಪೇಟೆಯಿಂದ ಖಾಲಿ ಕ್ಯಾಪ್ಸೂಲು ತಂದು ತಾವೇ ತುಂಬಿದ್ದರು. ಕೆಂಪು ಡಬ್ಬಿ, ನೀಲಿ ಡಬ್ಬಿ. ಒಂದರಲ್ಲಿ ಅಶ್ವಗಂಧ, ಇನ್ನೊಂದರಲ್ಲಿ ಅಕ್ಕಿಹಿಟ್ಟು. ಯಾವುದರಲ್ಲಿ ಯಾವುದೆಂದು ಹೇಳದೆ, ವಾರಕ್ಕೊಂದು ಡಬ್ಬಿಯಂತೆ ನನಗೆ ನುಂಗಲು ಕೊಟ್ಟರು. ವಾಸನೆಯಿಂದ ತಿಳಿಯಬಾರದೆಂದು ಎರಡಕ್ಕೂ ಮೇಲೆ ಅದೇ ಬೇರಿನ ಪುಡಿ ಸವರಿದ್ದರು. ಬೆಳಿಗ್ಗೆ ಮೆಟ್ಟಿಲ ಮೇಲೆ ವಿಚಾರಣೆ: ನಿದ್ದಿ ಬಂತೇನ್ರಿ? ಸಂಜೀಕ ಕಾಫಿ ಕುಡಿದ್ರೇನ್ರಿ? ಮನಿಯಾಗ ಜಗಳ? ಒಬ್ಬ ಮನುಷ್ಯ ನನ್ನ ನಿದ್ದೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು. ಆ ಖುಷಿಗೋ ಏನೋ, ಎರಡು ಡಬ್ಬಿಯಲ್ಲೂ ಚೆನ್ನಾಗಿ ನಿದ್ದೆ ಮಾಡಿಬಿಟ್ಟೆ.

‘ಅಕ್ಕಿಹಿಟ್ಟು ತಿಂದು ಗೊರಕಿ ಹೊಡದೀರಿ. ನಿಮ್ಮನ್ನ ತಗೊಂಡು ಏನ್ ಮಾಡ್ಲಿ?’

‘ಹಿಟ್ಟು ಯಾವುದರಲ್ಲಿತ್ತು ಸರ್?’

‘ಕೆಂಪಿನಾಗ.’

ಕೆಂಪಿನಲ್ಲೇ ಒಂದು ಕೈ ಹೆಚ್ಚು ನಿದ್ದೆ ಬಂದಿತ್ತು. ಹೇಳಲಿಲ್ಲ.

ಆದರೂ ಅವರು ಹೆಂಡತಿಗೆ ಅಶ್ವಗಂಧ ಕೊಡಲು ಶುರುಮಾಡಿದರು. ಒಂದು ಸಂಜೆ ನಮ್ಮ ಮನೆಯ ಪಾಯಸ ತೆಗೆದುಕೊಂಡು ಹೋದಾಗ, ಹಾಲಿಗೆ ಪುಡಿ ಹಾಕಿ ಕದಡುತ್ತಿದ್ದರು. ‘ಕಹಿ ಐತಿ’ ಎಂದು ಆಕೆ ಮುಖ ತಿರುಗಿಸಿದರು. ‘ಹೌದು, ಕಹಿನ ಐತಿ. ಒಂದ ಗುಟುಕು’ ಎಂದು ಇವರು ಲೋಟ ಹಿಡಿದೇ ನಿಂತರು. ಎಷ್ಟು ಹೊತ್ತು ನಿಂತರೋ…

‘ಇದರಿಂದ ಅಮ್ಮನಿಗೆ ಏನಾದರೂ ಗುಣ ಕಾಣ್ತಿದೆಯಾ ಸರ್?’

‘ಆಕಿಗೇನೂ ಇಲ್ರಿ. ಕೊಟ್ಟ ಮ್ಯಾಲೆ ನನಗ ಒಂದು ತಾಸು ಕಣ್ಣು ಹತ್ತತಾವ.’

ಆ ಮಾರ್ಗಳಿಯಲ್ಲಿ, ನಮ್ಮ ಧನುರ್ಮಾಸದಲ್ಲಿ, ಆಕೆ ತೀರಿಹೋದರು. ಕೆಲವು ದಿನಗಳ ಮೇಲೆ ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕಾಗ, ಏನು ಮಾತಾಡಬೇಕೆಂದು ತೋಚದೆ, ನಿದ್ದೆ ಬರುತ್ತಿದೆಯಾ ಎಂದು ಕೇಳಿದೆ.

‘ಭಾಳ ಛಲೋ ಬರತೈತ್ರಿ. ಏನೂ ತಗೊಳ್ಳದನ.’ ಎರಡು ಮೆಟ್ಟಿಲು ಇಳಿದು ನಿಂತರು. ‘ಬರಬಾರದಿತ್ತು’ ಎಂದರು. ಹಾಲು ತರಲು ಹೋದರು.

ಆಮೇಲೆ ಮೇಷ್ಟ್ರನ್ನು ಅವರ ಮಗಳು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಎರಡು ವರ್ಷದ ಹಿಂದೆ ಅವಳೇ ಫೋನ್ ಮಾಡಿ, ಅಪ್ಪ ಹೋದರು ಎಂದಳು. ನಾನು ತರಕಾರಿ ಅಂಗಡಿಯಲ್ಲಿದ್ದೆ. ನುಗ್ಗೆಕಾಯಿ ತೂಕ ಹಾಕಿಸಿಕೊಂಡು, ಕರಿಬೇವು ಕೇಳಿ ಪಡೆದು ಮನೆಗೆ ಬಂದೆ. ಅಳು ಬರಲಿಲ್ಲ. ಟ್ಯಾಂಕು ತುಂಬಿ ಹರಿದರೂ ಎದೆ ಹೊಡೆದುಕೊಳ್ಳುವ ನನಗೆ ಏನೂ ಆಗಲಿಲ್ಲ. ಇವತ್ತಂತೂ ನಿದ್ದೆ ಇಲ್ಲ ಎಂದುಕೊಂಡೇ ಮಲಗಿದೆ. ಎಚ್ಚರವಾದಾಗ ಬಿಸಿಲು ಬಿದ್ದಿತ್ತು.

ಈಗ ಮೇಲಿನ ಮನೆಯಲ್ಲಿ ಬೇರೆಯವರಿದ್ದಾರೆ. ನಿನ್ನೆ ಮಗಳು, ಕ್ಯಾಪ್ಸೂಲು ಕೆಲಸ ಮಾಡುತ್ತಿದೆಯಾ ಎಂದು ಕೇಳಿದಳು. ಹೂಂ ಎಂದೆ. ಸರಿ ಎಂದು ಅವಳು ಮೊಬೈಲಿಗೆ ತಿರುಗಿದಳು. ಸಂಜೆ ಕಾಫಿ ಕುಡಿದಿರಾ ಎಂದೋ ಏನೋ ಇನ್ನೊಂದು ಪ್ರಶ್ನೆ ಬರಬಹುದೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.