ಹಪ್ಪಳದ ಚಿತೆ

ಕಾಶಿಯ ಮಠದಲ್ಲಿ ರಸೀದಿ ಬರೆಯುವ ನನಗೆ, ತೆರೆಯ ಮೇಲೆ ಹೆಸರು ಬರುತ್ತದೆಂದರೆ ಯಾರ ಮೈಕು ಹಿಡಿಯಲೂ ನಾಚಿಕೆಯಿಲ್ಲ. ವಿದ್ಯಾರ್ಥಿ ನಿರ್ದೇಶಕ ಈಶನ ಸಿನಿಮಾಕ್ಕೆ ಚಿತೆ ಉರಿಯುವ ಸದ್ದು ಬೇಕಿತ್ತು. ಹೆಣ ಸುಡುವ ಹರಿಶ್ಚಂದ್ರ ಘಾಟಿನಲ್ಲೇ ಹಿಡಿಯೋಣವೆಂದರೆ ಈ ಮಹಾಶಯನಿಗೆ ಹೊಗೆ ಆಗಲಿಲ್ಲ. ಹಾಗಾಗಿ ಘಾಟಿನ ಮೇಲೆಯೇ ಮನೆಯಿರುವ, ಶ್ರಾದ್ಧದ ಅಡುಗೆಯ ಭಾಗೀರಥಮ್ಮನವರಿಂದ ಹಪ್ಪಳ ಕರಿಸಿ ಆ ಸದ್ದು ಹಿಡಿದೆವು.

ಈಶ ಕಣ್ಣು ಮುಚ್ಚಿ, "ಕ್ಯಾ ಬಾತ್! ಅಸಲೀ ಸಾವು!" ಎಂದ.

"ಚಿತೆ ಹೀಗೆ ಚಟಪಟ ಅನ್ನಲ್ಲ ಕಣಪ್ಪಾ, ಭರ್ ಅಂತ ಉಸಿರು ಬಿಡತ್ತೆ. ನಮ್ಮನೆಯವರದ್ದನ್ನ ಈ ಕಿಟಕಿಯಿಂದ್ಲೇ ಕೇಳಿದ್ದೆ," ಎಂದರು ಭಾಗೀರಥಮ್ಮ.

"ಚಾಚೀ, ನೋಡೋರಿಗೆ ಇದೇ ಅಸಲೀ. ಇನ್ನೆರಡು ಹಾಕಿ."

ಅವರು ಹಾಕಿದರು. ಅವರ ಪರ ಮಾತಾಡಿದರೆ ಹೆಸರು ಹೋದೀತೆಂದು ನಾನು ಮೈಕು ಹಿಡಿದುಕೊಂಡೇ ಬಾಯಿಗೆ ಹಪ್ಪಳ ತುರುಕಿಕೊಂಡೆ. ಸಿನಿಮಾದಲ್ಲಿ ನನ್ನ ಹೆಸರಿದೆ. ಚಿತೆಯೊಳಗಿಂದ ಕುರುಂ ಕುರುಂ ಎನ್ನುವವನೂ ನಾನೇ.