ಅಪ್ಪನ ಎಡೆಯ ಬ್ರಾಂದಿ

ನಮ್ಮ ಕಡೆ ಮಹಾಲಯದಂದು ಹಿರಿಯರಿಗೆ ಎಡೆ ಇಡುವಾಗ, ಬದುಕಿದ್ದಾಗ ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಇಡಬೇಕು. ನಮ್ಮಪ್ಪನಿಗೆ ಬಾಡಿನ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಪೂಜೆಯಾದ ಮೇಲೆ ಹಿರಿಮಗ ಅದರಲ್ಲಿ ಒಂದು ಗುಟುಕು ಪ್ರಸಾದ ತೆಗೆದುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಆ ಹಿರಿಮಗ ನಾನು. ಹದಿನೆಂಟು ವರ್ಷದಿಂದ ಪಿರಿಯಾಪಟ್ಟಣದಲ್ಲಿ ಶಾಲೆಯ ವ್ಯಾನ್ ಓಡಿಸುತ್ತಿದ್ದವನು.

ಹೋದ ವರ್ಷ ಎಡೆ ಮುಗಿಯುತ್ತಲೇ ಅವ್ವ ಊಟದ ಕ್ಯಾರಿಯರ್ ಕೈಗಿಟ್ಟಳು. "ಕೊಪ್ಪಕ್ಕೋಗಿ ಅಕ್ಕಂಗೆ ಕೊಟ್ಬುಟ್ಟು ಬಾ, ಸಾರು ಆರೋಯ್ತದೆ." ಬೈಕ್ ಹತ್ತಿದೆ. ದಾರಿಯಲ್ಲಿ, ಬೈಲಕುಪ್ಪೆಗೆ ಮುಂಚೆಯೇ ಪೊಲೀಸರು ಕೈ ಅಡ್ಡ ಹಾಕಿದರು. ಮಟಮಟ ಮಧ್ಯಾಹ್ನ! ಮೆಷಿನ್ ಊದಿಸಿದರು.

"ಸಾ, ಇದು ಕುಡ್ದಿದ್ದಲ್ಲ, ಎಡೆ ಪ್ರಸಾದ. ಒಂದೇ ಗುಟುಕು."

"ಮೆಷಿನ್ನಿಗೆ ಹಬ್ಬ ಗೊತ್ತಾಗಲ್ಲ ಕಣ್ರೀ," ಎಂದು ಚೀಟಿ ಹರಿದುಕೊಟ್ಟರು. ಬೈಕೂ ಹೋಯಿತು, ಲೈಸೆನ್ಸೂ ಹೋಯಿತು. ಸಾರಿನ ಕ್ಯಾರಿಯರ್ ಹಿಡಿದು ಬಸ್ಸಿಗೆ ನಿಂತೆ. ಥೂ, ಗ್ರಹಚಾರ!

"ತಪ್ಪೊಪ್ಕೊಂಡ್ಬುಡಿ," ಎಂದರು ಲಾಯರು. "ಮೊದಲ್ನೇ ಸಲಕ್ಕೂ ಆರು ತಿಂಗಳವರ್ಗೆ ಜೈಲು ಹಾಕ್ಬೋದು. ದಂಡದಲ್ಲಿ ಮುಗುದ್ರೆ ಪುಣ್ಯ." ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡೆ, ಆದರೆ ಅಲ್ಲೂ ಒಂದೇ ಗುಟುಕು ಎಂದೇ ಹೇಳಿದೆ. ಹತ್ತು ಸಾವಿರ ದಂಡ ಬಿತ್ತು. ಬದುಕಿದೆ ಎಂದುಕೊಂಡು ಹೊರಗೆ ಬಂದರೆ ಲಾಯರು, "ಲೈಸೆನ್ಸ್ ಕತೆ ಇನ್ನೂ ಬಾಕಿ ಅದೆ," ಎಂದರು. ಅದನ್ನು ಹುಣಸೂರಿನ ಆರ್‌ಟಿಓ ತೀರ್ಮಾನಿಸಬೇಕಂತೆ.

ಶಾಲೆಗೆ ಸೊಂಟನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಕೂತೆ. ಕೂತೆನೆಂದರೆ ಕೂರಲಿಲ್ಲ, ಬಾಗಿಲಿಗೂ ಹಿತ್ತಿಲಿಗೂ ಅಲೆದೆ. ದಿನಾ ಬೆಳಗ್ಗೆ ನನ್ನ ವ್ಯಾನು ಇನ್ಯಾರದೋ ಕೈಯಲ್ಲಿ ಹಾರ್ನ್ ಹೊಡೆಯುತ್ತಾ ಮನೆ ಮುಂದೆಯೇ ಹೋಗುತ್ತಿತ್ತು. ಪೋಸ್ಟ್‌ಮ್ಯಾನ್ ಬಂದರೆ ಭಯ, ಬರದಿದ್ದರೆ ಇನ್ನೂ ಭಯ.

ಕೊನೆಗೂ ಕಾಗದ ಬಂತು. ಮೂರು ತಿಂಗಳು ಲೈಸೆನ್ಸ್ ಅಮಾನತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಶಾಲೆಗೆ ಹೋಗಿ ಹೆಡ್‌ಮಿಸ್ ಮುಂದೆ ಇದ್ದದ್ದು ಹೇಳಿದೆ, ಗುಟುಕಿನ ಲೆಕ್ಕವೊಂದನ್ನು ಬಿಟ್ಟು.

"ಮೂರು ತಿಂಗಳಾದ್ಮೇಲೆ ನಿಮ್ಮ ಲೈಸೆನ್ಸ್ ವಾಪಸ್ ಬರುತ್ತೆ, ಸರಿ. ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೇನು ಹೇಳ್ಲಿ?" ಎಂದರು. ಕೆಲಸ ಹೋಯಿತು.

ಈ ಮಹಾಲಯಕ್ಕೆ ಎಡೆಯಲ್ಲಿ ಬ್ರಾಂದಿ ಇರಲಿಲ್ಲ. ಅವ್ವ ಒಂದು ಲೋಟ ಕಾಫಿ ಇಟ್ಟು ಅಪ್ಪನ ಫೋಟೋಗೆ ಬಯ್ಯತೊಡಗಿದಳು. "ಮಗನ ಕೆಲ್ಸ ತಿಂದ್ಕೊಂಡ್ರಲ್ಲ ನೀವು! ನಿಮ್ಮ ಹಾಳು ಚಟಕ್ಕೆ ಅವ್ನು ಬೀದಿಗೆ ಬಿದ್ದ. ಈ ವರ್ಸ ಕಾಫಿ ಕುಡೀರಿ."

ನನಗೆ ತಡೆಯಲಾಗಲಿಲ್ಲ. "ಅಪ್ಪುನ್ನ ಬಯ್ಬ್ಯಾಡ ಕಣವ್ವ. ಒಂದು ಗುಟುಕಲ್ಲ. ನೀನು ಕ್ಯಾರಿಯರ್ ತುಂಬೋವಾಗ ಬಾಗ್ಲು ಸಂದೀಲಿ ನಿಂತ್ಕಂಡು ಪೂರ್ತಿ ಸೀಸೆ ಕುಡುದ್ಬುಟ್ಟೆ."

ಅವ್ವ ನನ್ನ ಕಡೆ ತಿರುಗಲೂ ಇಲ್ಲ. ಕರ್ಪೂರ ಹಚ್ಚುತ್ತಾ ಹೇಳಿದಳು: "ಗೊತ್ತು ಕಣ್ಲಾ. ನೀನು ಹೋದ್ಮೇಲೆ ಖಾಲಿ ಸೀಸೆ ಎತ್ತಿ ಬಿಸಾಕ್ದೋಳು ನಾನೇ ಅಲ್ವಾ? ಅವ್ರುನ್ನ ಬೈದ್ರೆ ಅವ್ರು ಬೇಜಾರು ಮಾಡ್ಕಳಲ್ಲ ಅಂತ ಬೈದೆ."