ಮಾಮಾನ ಗಾಡಿಗಳನ್ನು ಕಣಿವೆಯಲ್ಲಿ ತಡೆದದ್ದು

ನನ್ನ ಸಿಟ್ಟು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಅದರಲ್ಲೂ ನನ್ನದು ಅಂದುಕೊಂಡಿದ್ದನ್ನು ಯಾರಾದರೂ ಕಸಿಯಲು ಬಂದರೆ ಮುಗಿಯಿತು. ಹಾಗಾಗಿ ಅಕ್ಕನ ಗಂಡ ಒಂದು ಭಾನುವಾರ ಚಹಾ ಕುಡಿಯುತ್ತ, "ಕ್ವಾರ್ಟರ್ಸ್‌ನ್ಯಾಗ ದೊಡ್ಡ ಮನಿ ಸಿಕ್ಕದ. ಇನ್ನ ಕಂಪ್ಯೂಟರ್ ಒಯ್ಯಬೇಕಂತ ಮಾಡೀನಿ" ಎಂದಾಗ ನಾನು ತಟ್ಟೆ ಕುಕ್ಕಿದ ಸದ್ದಿಗೆ ಅವ್ವ ಅಡುಗೆಮನೆಯಿಂದ ಓಡಿಬಂದಳು.

ಕಂಪ್ಯೂಟರ್ ಅವರದೇ, ಸುಳ್ಳೇಕೆ. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತಿದ್ದೆವು. ಅವರಿಗೆ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ನೌಕರಿ. ಮೊದಲು ಸಿಕ್ಕ ಮನೆಯಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಅದಕ್ಕೇ ಹೊಸ ಕಂಪ್ಯೂಟರನ್ನು ಪುಣೆಯ ನಮ್ಮ ಮನೆಯಲ್ಲಿ ಇಟ್ಟಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ದೌಂಡ್ ಪ್ಯಾಸೆಂಜರ್ ರೈಲಿಗೆ ಗಂಡ ಹೆಂಡತಿ ಬರುತ್ತಿದ್ದರು. ಅಕ್ಕ ಅವ್ವನ ಹತ್ತಿರ ಅಡುಗೆಮನೆಗೆ, ಮಾಮಾ ನನ್ನ ಹತ್ತಿರ ಆಟಕ್ಕೆ. ಉಳಿದ ಆರು ದಿನ ಕಾಲೇಜಿನಿಂದ ಬಂದವಳೇ ನಾನೊಬ್ಬಳೇ ಅದರ ಮುಂದೆ ಕೂತಿರುತ್ತಿದ್ದೆ.

"ಹಂಗ ಹೆಂಗ ಒಯ್ತೀರಿ ಮಾಮಾ? ಆಡಿ ಗೆದ್ದು ಒಯ್ಯಿರಿ" ಎಂದೆ.

ಅವರು ನಕ್ಕರು. "ಆಗ್ಲಿ. ಈಗ ಹೂಡಿದ ಆಟ ಮುಗಿದ ದಿನ ತೀರ್ಮಾನ. ನಾ ಗೆದ್ರ ಡಬ್ಬಿ ಕುರಕುಂಭಕ್ಕ. ನೀ ಗೆದ್ರ ಇಲ್ಲೇ ಇರ್ಲಿ, ನಾ ಅಲ್ಲಿ ಬ್ಯಾರೆ ತೊಗೋತೀನಿ."

ಅದು ರಾಜ್ಯ ಕಟ್ಟುವ ಆಟ. ಇಬ್ಬರಿಗೂ ಒಂದೇ ಪರದೆ, ಒಬ್ಬರಾದ ಮೇಲೆ ಒಬ್ಬರ ಸರದಿ. ಒಬ್ಬರು ಆಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ಕೂಡಬೇಕು. ಚೌಕಾಬಾರದಂತೆ ನೆಲವೆಲ್ಲ ಮನೆಮನೆ. ವಲಸಿಗರ ಗಾಡಿಯನ್ನು ಯಾರದೂ ಅಲ್ಲದ ಬಯಲಿಗೆ ಹೊಡೆದು ಊರು ಕಟ್ಟಬೇಕು. ಖಾಲಿ ಬಯಲೆಲ್ಲ ತುಂಬಿದಾಗ ಆಟ ಮುಗಿಯುತ್ತದೆ, ಯಾರ ಊರು ಹೆಚ್ಚೋ ಅವರು ಗೆದ್ದಂತೆ. ನಮ್ಮಿಬ್ಬರ ನಡುವೆ ಶಾಂತಿ ಒಪ್ಪಂದ ಇತ್ತು, ಅದು ಇರುವವರೆಗೆ ಒಬ್ಬರ ಸಿಪಾಯಿ ನಿಂತ ಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ.

ದಕ್ಷಿಣದಲ್ಲಿ ದೊಡ್ಡ ಬಯಲು ಖಾಲಿ ಬಿದ್ದಿತ್ತು. ಎರಡು ನದಿ, ಕಬ್ಬಿಣದ ಗುಡ್ಡ, ನೋಡಿದರೆ ಬಾಯಲ್ಲಿ ನೀರೂರುವಂಥ ನೆಲ. ಅಲ್ಲಿಗೆ ಹೋಗಲು ನನ್ನ ಗಡಿಯೊಳಗಿನ ಒಂದೇ ಕಣಿವೆ, ಅದರ ಬಾಯಿ ಮೂರೇ ಮನೆ ಅಗಲ. ಊರು ಕಟ್ಟಲು ನನ್ನ ಹತ್ತಿರ ಗಾಡಿ ಇನ್ನೂ ತಯಾರಿರಲಿಲ್ಲ. ಇರದಿದ್ದರೇನಾಯಿತು? ಸ್ವಾರಗೇಟ್ ನಿಲ್ದಾಣದಲ್ಲಿ ಊರಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವಳು ನಾನು. ಕೋಲು ಹಿಡಿದ ಮೂವರು ಹಳೇ ಸಿಪಾಯಿಗಳನ್ನು ಆ ಮೂರು ಮನೆಯಲ್ಲಿ ನಿಲ್ಲಿಸಿದೆ.

ಮಾಮಾನ ಸರದಿ ಬಂತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಸುಮ್ಮನೆ ಏಕಾದಶಿ ಹುಡುಕುತ್ತಿದ್ದೆ. ಹಿಂದೆ ಮೌಸಿನ ಸದ್ದು ನಿಂತಿತು.

"ಏನಿದು?"

"ಸೀಟು ಹಿಡಿದೀನ್ರಿ."

ಎರಡು ಭಾನುವಾರ ಅವರ ಮೂರು ಗಾಡಿಗಳು ಕಣಿವೆಯ ಬಾಯಿಗೆ ನಿಂತವು. ಯುದ್ಧ ಮಾಡಲು ಅವರಲ್ಲಿ ಸೈನ್ಯವಿಲ್ಲ, ಹಿಂದಿರುಗಲು ಮನಸ್ಸಿಲ್ಲ. ನಾನಂತೂ ನೆಲದ ಮೇಲೇ ಇರಲಿಲ್ಲ. ಕಾಲೇಜಿನ ನೋಟುಬುಕ್ಕಿನ ಕೊನೆಯ ಹಾಳೆಯ ತುಂಬ ಆ ಕಣಿವೆಯನ್ನೇ ಗೀಚಿದ್ದೆ.

ಮೂರನೆಯ ಭಾನುವಾರ ಮಾಮಾ ಬೇರೆ ದಾರಿ ಹಿಡಿದರು. ಅವ್ವ ಚುರುಮುರಿ ಹಿಡಿದು ಒಳಗೆ ಬರುವುದನ್ನೇ ಕಾಯುತ್ತಿದ್ದು, "ಅತ್ತಿ, ನೋಡ್ರಿ. ನಿಮ್ಮ ಮಗಳು ನನಗ ದಾರಿ ಬಿಡವಲ್ಲಳು" ಎಂದರು.

ಯಾವ ದಾರಿ, ಎಲ್ಲಿಯ ದಾರಿ, ಅವ್ವನಿಗೆ ಒಂದೂ ತಿಳಿಯದು. ಅಳಿಯ ಬಾಯಿಬಿಟ್ಟು ಕೇಳಿದ್ದಾರೆ, ಅಷ್ಟೇ. "ಬಿಡವಾ" ಎಂದಳು. "ಮನಿಗೆ ಬಂದವರನ್ನ ಬಾಗಲದಾಗ ನಿಂದರಸ್ತಾರೇನು?"

"ಅವ್ವಾ, ಇದು ಆಟ."

"ಆಟ ಆದ್ರೇನು, ಅಳಿಯಂದ್ರು ಅಳಿಯಂದ್ರ."

ಹೀಗೆ ರಾಜ್ಯ ಬಿಟ್ಟುಕೊಟ್ಟವರು ಭೂಮಿಯ ಮೇಲೆ ಇನ್ನಾರಾದರೂ ಇದ್ದಾರೆಯೇ? ಹಲ್ಲು ಕಚ್ಚಿ ಒಬ್ಬ ಸಿಪಾಯಿಯನ್ನು ಪಕ್ಕಕ್ಕೆ ಸರಿಸಿದೆ. ಮಾಮಾ ಮೂರು ಗಾಡಿಗಳನ್ನೂ ಒಂದೇ ಮನೆಯಲ್ಲಿ ಗುಂಪುಗೂಡಿಸಿ ಒಳಗೆ ನುಗ್ಗಿಸಿದರು. ಇನ್ನು ಎರಡು ಸರದಿಯಲ್ಲಿ ಕಣಿವೆ ದಾಟಿ ಬಯಲು ಸೇರುತ್ತಿದ್ದರು. ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನನ್ನ ಸರದಿಗೆ ಕೂತಾಗ ಕಣ್ಣಲ್ಲಿ ನೀರಿತ್ತು. ಆಗ ಅವ್ವ ಅಕ್ಕನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಐದರ ಗಾಡಿಗೆ ಯಾಕ ಅವಸರ? ಬಿಸಿ ರೊಟ್ಟಿ ಬಡೀತೀನಿ, ಉಂಡು ಏಳರ ಗಾಡಿಗೆ ಹೋಗ್ರಿ."

ತಲೆಯಲ್ಲಿ ದೀಪ ಹತ್ತಿದಂತಾಯಿತು. ನಮ್ಮ ಮನೆಗೆ ಯಾರು ಬೇಕಾದರೂ ಬರಬಹುದು. ಹೋಗುವುದು ಯಾರಿಂದ ಸಾಧ್ಯ? ಚಪ್ಪಲಿ ಮೆಟ್ಟಿದವರನ್ನೂ ಅವ್ವ ಮತ್ತೆ ಒಳಗೆ ಕೂಡಿಸುತ್ತಾಳೆ. ಹತ್ತಿರದ ಊರುಗಳಲ್ಲಿದ್ದ ಸಿಪಾಯಿಗಳನ್ನೆಲ್ಲ ಕರೆಸಿ ಆ ಗಾಡಿಗಳ ಸುತ್ತಲಿನ ಎಂಟೂ ಮನೆಯಲ್ಲಿ ನಿಲ್ಲಿಸಿದೆ. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ನಿಂತ ನೆಲ ನನ್ನದು, ಅಲ್ಲಿ ಊರು ಕಟ್ಟುವಂತೆಯೂ ಇಲ್ಲ.

"ತಿರುಗ್ರಿ ಮಾಮಾ."

ಅವರು ನೋಡಿದರು. ಬಾಯಿಯ ಹತ್ತಿರ ಒಯ್ದಿದ್ದ ಚುರುಮುರಿ ಅಲ್ಲೇ ನಿಂತಿತು.

"ದಾರಿ ಬಿಡು ಅಂದ್ರಿ, ಬಿಟ್ಟೆ. ಬಂದ್ರಿ. ಇನ್ನ ಉಂಡು ಹೋಗ್ರಿ."

ನೆತ್ತಿಗೆ ಹತ್ತುವಷ್ಟು ನಕ್ಕರು. "ಥೇಟ್ ಅತ್ತೀನ ಆಗಿದಿ ನೋಡು" ಎಂದರು. ಆ ದಿನ ನನ್ನಷ್ಟು ಸುಖಿ ಪುಣೆಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ದಕ್ಷಿಣದ ಬಯಲಿನ ತುಂಬ ನನ್ನ ಊರುಗಳೆದ್ದವು. ದಸರೆಯ ಹೊತ್ತಿಗೆ ಒಂದೇ ಒಂದು ಊರು ಬಾಕಿ ಉಳಿಯಿತು, ಅದನ್ನು ಕಟ್ಟಿದರೆ ಆಟ ಮುಗಿದಂತೆ. ಆ ಭಾನುವಾರ ಅವರು ಬರುವ ಮೊದಲು ಅವ್ವ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಹಾಗೆ ಅವಳು ಕೂತದ್ದೇ ಮೊದಲು.

"ಎಷ್ಟ ಉಳದದ?"

"ಇವತ್ತ ಮುಗೀತದ. ಡಬ್ಬಿ ನಮ್ದ."

ಅವ್ವ ಸ್ವಚ್ಛವಾಗಿಯೇ ಇದ್ದ ಕೀಬೋರ್ಡನ್ನು ಸೆರಗಿನಿಂದ ಒರೆಸಿದಳು. "ಮುಗದ ಮ್ಯಾಲೆ ಅವರು ವಾರಾ ವಾರಾ ಯಾಕ ಬರತಾರ? ಈ ಡಬ್ಬಿ ಇಡೂಕಿಂತ ಮೊದಲ ನಿಮ್ಮಕ್ಕ ಹಬ್ಬಕ್ಕಷ್ಟ ಬರತಿದ್ಲು."

ಅಷ್ಟು ಹೇಳಿ ಒಲೆಯ ಕಡೆ ಹೋದಳು. ನನಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಕಟ್ಟಿದ ಆಟ, ಗೆಲುವು ಕೈಯಲ್ಲಿದೆ, ಈಗ ಇವಳು ಇದನ್ನು ಹೇಳಬೇಕೇ?

ಅವರು ಬಂದರು. ನನ್ನ ಸರದಿ. ಮಾಮಾ ಗೋಡೆಗೆ ಮುಖ ಮಾಡಿದರು. ಕೊನೆಯ ಗಾಡಿ ಜಾಗಕ್ಕೆ ತಲುಪಿತ್ತು, ಒಂದು ಕೀಲಿ ಒತ್ತುವುದಷ್ಟೇ ಬಾಕಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ಅಕ್ಕನ ನಗು, ಅವ್ವನ ನಗು. ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತ ನನ್ನ ಗಾಡಿಯನ್ನು ಒಂದು ಮನೆ ಹಿಂದಕ್ಕೆ ಎಳೆದೆ. ಆಮೇಲೆ ಮಾಮಾನ ಗಾಡಿಗಳ ಸುತ್ತ ನಿಂತಿದ್ದ ಒಬ್ಬ ಸಿಪಾಯಿಯನ್ನು ಸರಿಸಿದೆ.

"ತಿರುಗ್ರಿ."

ಅವರು ಬಹಳ ಹೊತ್ತು ನೋಡಿದರು. ತೆರೆದ ಜಾಗ ನೋಡಿದರು, ನನ್ನನ್ನು ನೋಡಿದರು, ಅಡುಗೆಮನೆಯ ಬಾಗಿಲನ್ನು ನೋಡಿದರು. ನಂತರ ಗಾಡಿಗಳನ್ನು ಒಂದೇ ಒಂದು ಮನೆ ಮುಂದೆ ಎಳೆದು, ಕಣಿವೆಯ ನಡುಮಧ್ಯೆ, ನಾನು ಮತ್ತೆ ಸುತ್ತುವರಿಯಬಹುದಾದಲ್ಲೇ ನಿಲ್ಲಿಸಿ ಎದ್ದರು.

"ಎತ್ತು ದಣದಾವ" ಎಂದರು. "ಉಳಿದದ್ದು ಮುಂದಿನ ವಾರ ನೋಡೂಣು."